ಮಾವನವರು ಪೈಪು ಆರಿಸಿದ್ದು

ನಮ್ಮ ಮಾವನವರು ನನ್ನನ್ನು ಸೊಸೆಯೆಂದು ಒಪ್ಪಿಕೊಳ್ಳಲು ತೆಗೆದುಕೊಂಡ ಸಮಯ ಅರ್ಧ ಗಂಟೆ. ಕೃಷ್ಣರಾಜನಗರದ ನಮ್ಮ ಮನೆಗೆ ಬಂದರು, ಉಪ್ಪಿಟ್ಟು ತಿಂದರು, "ಇಂಗ್ಲೀಷು ಓದಕ್ಕೆ ಬತ್ತದೇನವ್ವಾ?" ಎಂದು ಕೇಳಿದರು, ನಾನು ಬರುತ್ತದೆ ಎಂದೆ, ಎದ್ದು ಹೋಗಿ ಲಗ್ನ ಗೊತ್ತುಮಾಡಿದರು. ಅದೇ ಮಹಾನುಭಾವರು ಹೊಗೆಸೊಪ್ಪು ಸೇದುವ ಒಂದು ಪೈಪನ್ನು ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಐದು ತಿಂಗಳು. ದೂರು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಪೈಪನ್ನು ನೋಡಿದ ಹಾಗೆ ನನ್ನನ್ನೂ ನೋಡಿದ್ದರೆ ನಾನು ಇವತ್ತಿಗೂ ಕೃಷ್ಣರಾಜನಗರದಲ್ಲೇ ಇರುತ್ತಿದ್ದೆ.

ಪಿರಿಯಾಪಟ್ಟಣಕ್ಕೆ ಮೂರು ಮೈಲಿ ದೂರದಲ್ಲಿ ಅವರ ಹೊಲ, ಮನೆ. ಐವತ್ತರ ದಶಕ ಅರ್ಧ ಕಳೆದಿತ್ತು. ನನ್ನ ಗಂಡ ಹೆಗ್ಗಡದೇವನಕೋಟೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಶನಿವಾರ ಬಂದು ಸೋಮವಾರ ಹೋಗುವವರು. ಉಳಿದ ದಿನ ಮನೆಯಲ್ಲಿ ಮಾವ, ಅತ್ತೆ, ನಾನು, ಮೂರೇ ಜನ. ಮಾವನವರು ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಪೂಜೆ ಮುಗಿಸಿ ಹೊಲಕ್ಕೆ ಹೋಗುವರು. ಬೀಡಿ ಇಲ್ಲ, ನಶ್ಯ ಇಲ್ಲ, ಎಲೆಯಡಿಕೆಯ ಜೊತೆಗೂ ಹೊಗೆಸೊಪ್ಪು ಇಲ್ಲ. ಆದರೆ ಹದಿನೈದು ವರ್ಷದಿಂದ ಅವರು ಬೆಳೆಯುತ್ತಿದ್ದುದು ಹೊಗೆಸೊಪ್ಪನ್ನೇ, ಸಿಗರೇಟಿಗೆ ಹೋಗುವ ಜಾತಿಯದನ್ನು. ಆ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ನು ಎಂಬ ಎತ್ತರದ ಮಣ್ಣಿನ ಮನೆಯೊಳಗೆ ನೇತುಹಾಕಿ, ಹೊರಗಿನ ಒಲೆಯಿಂದ ದಪ್ಪ ತಗಡಿನ ಪೈಪುಗಳಲ್ಲಿ ಶಾಖ ಹಾಯಿಸಿ ಒಣಗಿಸಬೇಕು.

ಆ ವರ್ಷ ಕಾರ್ತಿಕದಲ್ಲಿ ಎಲೆ ಕೊಳ್ಳುವ ಸಾಹೇಬರು ಹುಣಸೂರಿಗೆ ಬಂದಿದ್ದರು. ಸಾಹೇಬರೆಂದರೆ ನಮ್ಮ ಕನ್ನಡದವರೇ, ಟೋಪಿ ಮತ್ತು ಪೈಪಿನಿಂದ ಸಾಹೇಬರಾದವರು. ಬಾಯಿಂದ ಪೈಪನ್ನು ತೆಗೆಯದೆಯೇ ಮಾವನವರ ಎಲೆಯ ಕಟ್ಟಿನ ಮೇಲೆ ಬಗ್ಗಿ ನೋಡಿ, "ಮೂರನೇ ದರ್ಜೆ" ಎಂದು ಮುಂದಕ್ಕೆ ಹೋದರು. ಯಾಕೆ ಸ್ವಾಮಿ ಎಂದು ಕೇಳಿದ್ದಕ್ಕೆ "ಸೇದಿದ್ರೆ ಗೊತ್ತಾಗುತ್ತೆ" ಎಂದರಂತೆ.

ಬೇರೆ ಯಾರಾದರೂ ಆಗಿದ್ದರೆ ಮನೆಗೆ ಬಂದು ಸಾಹೇಬರನ್ನು ಬೈದುಕೊಂಡು ಉಂಡು ಮಲಗುತ್ತಿದ್ದರು. ಮಾವನವರು ಜಗಲಿಯ ಮೇಲೆ ಕೂತು, ಪೇಟ ತೆಗೆದು ಪಕ್ಕಕ್ಕಿಟ್ಟು, "ಅವ್ರು ಹೇಳಿದ್ದು ಸರಿ ಅದೆ ಕಣವ್ವ" ಎಂದು ನನಗೆ ಹೇಳಿದರು. "ರಾಗಿ ಬೆಳೆದೋನು ಮುದ್ದೆ ಉಣ್ಣಲ್ವಾ? ನಾನು ಬೆಳೆದಿದ್ದು ಎಂಗದೆ ಅಂತ ನಂಗೇ ಗೊತ್ತಿಲ್ಲ. ಒಂದು ಪೈಪು ತತ್ತೀನಿ. ಹೊಸದು, ಒಳ್ಳೇದು."

ಒಳಗಿನಿಂದ ಅತ್ತೆಯವರು, "ತನ್ನಿ, ತನ್ನಿ. ಎಲ್ಡು ವರ್ಸದಿಂದ ನಾನೂ ಅದ್ನೇ ಹೇಳ್ತಾ ಇವ್ನಿ" ಎಂದರು. ಬ್ಯಾರನ್ನಿನ ತಗಡಿನ ಪೈಪು ತುಕ್ಕು ಹಿಡಿದು ತೂತು ಬಿದ್ದಿತ್ತು. ಅವರ ಪ್ರಕಾರ ಪ್ರಪಂಚದಲ್ಲಿದ್ದದ್ದು ಅದೊಂದೇ ಪೈಪು. ಸಂತೋಷಕ್ಕೆ ಅವರು ಅಕ್ಕಪಕ್ಕದವರಿಗೂ ಹೇಳಿದರು. ಮೂರನೇ ದಿನ ತಗಡಿನ ಕೆಲಸದವನು ಅಳತೆಯ ದಾರ ಹಿಡಿದುಕೊಂಡು ಬಂದ.

"ಎಷ್ಟುದ್ದ ಬೇಕು ಯಜಮಾನ್ರೇ?"

ಮಾವನವರು ಹೆಬ್ಬೆರಳು ಕಿರುಬೆರಳು ಚಾಚಿ ತೋರಿಸಿದರು. "ಒಂದು ಗೇಣು. ಅದುಕ್ಕೂ ಒಂಚೂರು ಕಮ್ಮಿ."

"ಗೇಣುದ್ದದ ಪೈಪಲ್ಲಿ ಯಾವ ಬ್ಯಾರನ್ನು ಕಾಯ್ತದೆ?"

"ಬ್ಯಾರನ್ನು ಯಾಕ್ಲಾ ಕಾಯ್ಬೇಕು? ಬಾಯಿಗೆ ಮಡಿಕಳಾದು."

ಅತ್ತೆಯವರ ಕೈಯಲ್ಲಿದ್ದ ಮಜ್ಜಿಗೆಯ ಲೋಟ ತಗಡಿನವನಿಗೆ ಹೋಗದೆ ವಾಪಸು ಒಳಗೆ ಹೋಯಿತು. ಅಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ, "ದಿನಾ ಪೂಜೆ ಮಾಡೋ ಬಾಯಲ್ಲಿ ಹೊಗೆ ಬಿಡ್ತೀರಾ?" ಎಂದು ಕೇಳಿದರು. ಮಾವನವರು ಮುದ್ದೆ ಮುರಿಯುತ್ತಾ, "ಬೆಳೆಯುವಾಗ ಇಲ್ದೇ ಇದ್ದ ದೋಸ ಸೇದುವಾಗ ಎಲ್ಲಿಂದ ಬತ್ತದೆ?" ಎಂದರು. ಇಬ್ಬರೂ ಆ ವಿಷಯವನ್ನು ಅಲ್ಲಿಗೆ ಬಿಟ್ಟರು. ಅತ್ತೆಯವರು ಎರಡು ದಿನ ಮಾತನ್ನೂ ಬಿಟ್ಟರು.

ಪೈಪಿನ ವಿಚಾರ ತಿಳಿದವರೆಂದರೆ ಹುಣಸೂರಿನಲ್ಲಿ ನೆಲೆಸಿದ್ದ ಕೊಡಗಿನ ಸುಬೇದಾರರೊಬ್ಬರು. ಸೈನ್ಯದಿಂದ ನಿವೃತ್ತರಾದವರು. ಮಾವನವರು ಬಾಳೆಗೊನೆ ಹೊತ್ತುಕೊಂಡು ಅವರಲ್ಲಿಗೆ ಹೋಗಿ ಶಿಷ್ಯವೃತ್ತಿ ಮಾಡಿದರು. ಪೈಪು ಮರದ ಬೇರಿನದಾಗಿರಬೇಕು, ಹಗುರವಾಗಿರಬೇಕು, ಕೊಳವೆಯ ತೂತು ಬಟ್ಟಲಿನ ಬುಡಕ್ಕೇ ಸೇರಬೇಕು ಎಂದು ಸುಬೇದಾರರು ಹೇಳಿಕೊಟ್ಟರು. ಕೊನೆಗೆ ಶಿಷ್ಯನ ಶ್ರದ್ಧೆಗೆ ಮೆಚ್ಚಿ, "ಇದನ್ನೇ ಇಟ್ಟುಕೊಳ್ಳಿ, ನನ್ನ ಹತ್ತಿರ ಇನ್ನೊಂದಿದೆ" ಎಂದು ತಮ್ಮದೇ ಒಂದು ಪೈಪನ್ನು ಮುಂದಕ್ಕೆ ಚಾಚಿದರು.

ಮಾವನವರು ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು. "ನೀವು ದೊಡ್ಡೋರು. ನಿಮ್ಮ ಮನಸೂ ದೊಡ್ಡದು. ಆದ್ರೆ ಎಂಜಲು ಎಂಜಲೇ."

ಸುಬೇದಾರರು ನಕ್ಕು ಬಾಳೆಹಣ್ಣು ಸುಲಿದರಂತೆ.

ಸಂಕ್ರಾಂತಿ ಕಳೆದ ಮೇಲೆ ನಾವು ಮೈಸೂರಿಗೆ ಹೊರಟೆವು. ಇಂಗ್ಲೀಷು ಓದಲು ನಾನು. ನನ್ನ ಮದುವೆಯ ಗುಟ್ಟು ನನಗೆ ಅಂದು ಗೊತ್ತಾಯಿತು. ಬಸ್ಸು ಬಿಳಿಕೆರೆಯಲ್ಲಿ ನಿಂತಾಗ ಪಕ್ಕದಲ್ಲಿದ್ದವರೊಬ್ಬರು, ಸೊಸೆಯನ್ನು ಆಸ್ಪತ್ರೆಗೆ ತೋರಿಸಲು ಹೋಗುತ್ತಿದ್ದೀರಾ ಎಂದು ಮರುಕದಿಂದ ವಿಚಾರಿಸಿದರು. ಮಾವನವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರು ನನ್ನ ಕಡೆ ಇನ್ನೂ ಹೆಚ್ಚು ಮರುಕದಿಂದ ನೋಡಿದರು.

ಅಂಗಡಿ ದೊಡ್ಡ ಗಡಿಯಾರದ ಹತ್ತಿರವಿತ್ತು. ಟೋಪಿ, ಊರುಗೋಲು, ಫೌಂಟನ್ ಪೆನ್ನು ಮಾರುವ ಅಂಗಡಿ. ಅಂಗಡಿಯವರು ಮುಚ್ಚುಕೋಟಿನ ವಯಸ್ಸಾದ ಸಂಭಾವಿತರು. ಹನ್ನೊಂದು ಪೈಪುಗಳನ್ನು ಮಖಮಲ್ಲಿನ ಮೇಲೆ ಸಾಲಾಗಿ ಜೋಡಿಸಿದರು. ಮಾವನವರು ಒಂದೊಂದನ್ನೇ ಎತ್ತಿ, ಅಂಗೈಯಲ್ಲಿ ತೂಗಿ, ಬಾಗಿಲಿನ ಬೆಳಕಿಗೆ ಹಿಡಿದು ತಿರುಗಿಸಿದರು. ಮರದ ನಾರು ಸುತ್ತಿಕೊಂಡು ಸುಳಿಸುಳಿಯಾಗಿ ಕಾಣುತ್ತಿತ್ತು. ಎತ್ತು ಕೊಳ್ಳುವವರು ಮೈಮೇಲಿನ ಕೂದಲ ಸುಳಿ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವುದುಂಟು. ಮಾವನವರಿಗೆ ಗೊತ್ತಿದ್ದ ಪರೀಕ್ಷೆ ಅದೇ.

"ಇದು ಮುಂದಕ್ಕೆ ಜಗ್ತದೆ. ನೊಗ ಕೆಡವೋ ಎತ್ತು ಇದು. ಇದರ ಸುಳಿ ಬುಡಕ್ಕಿಳಿದದೆ, ಮನೆಗಾಗಲ್ಲ. ಇದಕ್ಕೆ ಎಲ್ಡು ಸುಳಿ ಎದುರುಬದುರಾಗವೆ, ದಿನಾ ಜಗಳ."

"ಅದು ಮರದ ನಾರು ಯಜಮಾನರೇ. ಎಲ್ಲ ಮರದಲ್ಲೂ ಇರುತ್ತೆ" ಎಂದರು ಅಂಗಡಿಯವರು.

"ಎಲ್ಲಾ ಎತ್ತಿಗೂ ಕೂದ್ಲಿರ್ತದೆ ಸ್ವಾಮಿ. ಅದುಕ್ಕೇ ನೋಡಿ ತರಾದು."

ಹನ್ನೊಂದೂ ನಪಾಸಾದವು. ನಾವು ಮರಳಿ ಬಂದೆವು. ಅತ್ತೆಯವರು ಬಾಗಿಲಲ್ಲೇ ಬರಿಗೈ ನೋಡಿ, ದೇವರು ದೊಡ್ಡವನು ಎಂದುಕೊಂಡರು.

ಶಿವರಾತ್ರಿಯ ನಂತರ ಮತ್ತೆ ಹೋದೆವು. ಅಂಗಡಿಯವರು ಮದರಾಸಿನಿಂದ ಹೊಸ ಮಾಲು ತರಿಸಿದ್ದರು. ಅವುಗಳಲ್ಲಿ ಒಂದರ ಸುಳಿ ಮಾವನವರಿಗೆ ಹಿಡಿಸಿತು. ನಾನು ಒಳಗೊಳಗೇ ಉಸಿರು ಬಿಟ್ಟೆ. ಅಷ್ಟರಲ್ಲಿ ಅವರು, "ನನಗಿಂತ ಮುಂಚೆ ಇದ್ನ ಯಾರಾರ ಬಾಯಿಗಿಟ್ಟಿದ್ರಾ?" ಎಂದು ಕೇಳಿದರು.

ಅಂಗಡಿಯವರು ಸುಳ್ಳು ಹೇಳಬಹುದಾಗಿತ್ತು. ಪುಣ್ಯಾತ್ಮರು ಸ್ವಲ್ಪ ಯೋಚಿಸಿ, "ಮೊನ್ನೆ ಒಬ್ಬರು ಪ್ರೊಫೆಸರು ನೋಡಿದರು. ಸ್ಪಿರಿಟ್ಟಿನಲ್ಲಿ ಒರೆಸಿ ಇಟ್ಟಿದ್ದೇನೆ" ಎಂದರು.

"ಉಳಿದವು?"

"ಎಲ್ಲವನ್ನೂ ಆ ಪ್ರೊಫೆಸರೇ ನೋಡಿದರು."

ಆ ಪ್ರೊಫೆಸರು ಯಾರೋ ನನಗೆ ಗೊತ್ತಿಲ್ಲ. ಅವರಿಂದಾಗಿ ನಾನು ಮೂರನೆಯ ಸಲ ಆ ಬಸ್ಸಿನಲ್ಲಿ ಕುಲುಕಾಡಬೇಕಾಯಿತು.

ಯುಗಾದಿಯ ಹಿಂದಿನ ವಾರ ಅಂಗಡಿಯವರಿಂದ ಕಾರ್ಡು ಬಂತು. ಪೆಟ್ಟಿಗೆ ಬಂದಿದೆ, ತೆರೆದಿಲ್ಲ, ತೆರೆಯುವುದೂ ಇಲ್ಲ, ತಾವು ದಯಮಾಡಿಸಬೇಕು ಎಂದು ಬರೆದಿದ್ದರು. ಹೋದೆವು. ನಮ್ಮ ಎದುರಿಗೇ ಅರಗು ಒಡೆದರು. ತೆಳು ಕಾಗದದಲ್ಲಿ ಸುತ್ತಿದ ಆರು ಪೈಪುಗಳು. ಮಾವನವರು ಒಂದು ಗಂಟೆ ನೋಡಿ ಒಂದನ್ನು ಕೈಯಲ್ಲಿ ಉಳಿಸಿಕೊಂಡರು. ಕಡುಗಂದು ಬಣ್ಣ, ನೆಟ್ಟಗಿನ ಕೊಳವೆ, ಬಟ್ಟಲಿನ ಬಲಗಡೆ ದುಂಡನೆಯ ಒಂದೇ ಸುಳಿ.

"ಬಾಯಿಗಿಟ್ರೆ ನಂದೇ ಆಗೋಯ್ತದೆ. ಆಮೇಲೆ ಬ್ಯಾಡ ಅನ್ನಂಗಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಪೇಟ ಸರಿಮಾಡಿಕೊಂಡು ಪೈಪನ್ನು ಬಾಯಿಗಿಟ್ಟು, ಹಲ್ಲು ಕಚ್ಚಿಕೊಂಡೇ ಅಂಗಡಿಯವರಿಗೆ ಹೇಳಿದರು: "ಈಗ ನೀವು ನನ್ನ ಜೊತೆ ಜಗಳ ಆಡಿ."

"ನಾನೇ? ಏನಂತ?"

"ಮಾತಾಡುವಾಗ ಜಾರ್ತದೋ ಇಲ್ವೋ ನೋಡ್ಬೇಕು. ಸಂಕ್ರಾಂತಿಯಿಂದ ನಿಮ್ಮನ್ನ ಸತಾಯಿಸ್ತಾ ಇವ್ನಲ್ಲ, ಅದುಕ್ಕೇ ಬಯ್ಯಿ."

ಅಂಗಡಿಯವರು ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ಟೋಪಿಗಳ ಕಡೆ ತಿರುಗಿದೆ. ಅಷ್ಟು ಸೂಚನೆ ಸಾಕಾಯಿತು. ಆ ಸಂಭಾವಿತರು ಕನ್ನಡಕ ತೆಗೆದಿಟ್ಟು ಶುರುಮಾಡಿದರು. ಮೂವತ್ತು ವರ್ಷದ ವ್ಯಾಪಾರದಲ್ಲಿ ಇಂಥ ಗಿರಾಕಿಯನ್ನು ಕಂಡಿಲ್ಲ ಎಂಬಲ್ಲಿಂದ ಹಿಡಿದು, ಎತ್ತು ಬೇಕಿದ್ದರೆ ದನದ ಸಂತೆಗೆ ಹೋಗಬೇಕಾಗಿತ್ತು ಎಂಬಲ್ಲಿಯವರೆಗೆ, ಒಂದೂ ಅಶುದ್ಧ ಪದವಿಲ್ಲದೆ ಸೊಗಸಾಗಿ ಬೈದರು. ಮಾವನವರೂ ಬಾಯಿಗೆ ಬಂದ ಹಾಗೆ ಉತ್ತರ ಕೊಟ್ಟರು. ಬಾಗಿಲಲ್ಲಿ ಜನ ಸೇರಿದರು. ಪೈಪು ಮಾತ್ರ ಕದಲಲಿಲ್ಲ. ಮಾವನವರು ಅದನ್ನು ಬಾಯಿಂದ ತೆಗೆದು ಪಂಚೆಯ ಸೆರಗಿನಲ್ಲಿ ಒರೆಸಿ, "ಕಟ್ಕೊಡಿ" ಎಂದರು. ಅಂಗಡಿಯವರು ಬೆವರು ಒರೆಸಿಕೊಂಡು, ಮನಸ್ಸು ಇಷ್ಟು ಹಗುರಾಗಿ ಎಷ್ಟೋ ದಿನವಾಗಿತ್ತು ಎಂದರು.

ಪೈಪಿನ ಜೊತೆಗೆ ಬಂದಿದ್ದ ಚೀಟಿಯನ್ನು ನಾನು ಓದಿ ಹೇಳಿದೆ. ಹೊಸ ಪೈಪನ್ನು ಮೊದಮೊದಲು ಅರ್ಧ ಮಾತ್ರ ತುಂಬಿ ನಿಧಾನವಾಗಿ ಸೇದಿ ಪಳಗಿಸಬೇಕು ಎಂದಿತ್ತು. "ಮತ್ತೆ? ಹೋರಿ ಕೈಲಿ ಮೊದಲ್ನೇ ದಿನವೇ ಇಡೀ ಹೊಲ ಉಳುಸ್ತಾರಾ?" ಎಂದು ಮಾವನವರು ಒಪ್ಪಿದರು. ಮನೆಯಲ್ಲಿ ಉಳಿದಿದ್ದ ತಮ್ಮದೇ ಎಲೆಯನ್ನು ಸಣ್ಣಗೆ ಹೆಚ್ಚಿ, ಬ್ಯಾರನ್ನಿನ ಮುಂದಿನ ಕಲ್ಲಿನ ಮೇಲೆ ಕೂತು ಹೊತ್ತಿಸಿದರು. ಮೊದಲ ದಿನದ ಕೆಮ್ಮಿಗೆ ಪಕ್ಕದ ಹೊಲದವರು ನೀರಿನ ಚೊಂಬು ಹಿಡಿದು ಓಡಿಬಂದರು. ಎರಡನೆಯ ದಿನ ನಡೆದೇ ಬಂದರು. ಮೂರನೆಯ ದಿನ ಬರಲಿಲ್ಲ. ಮಾವನವರಿಗೆ ಅದರಲ್ಲಿ ಸುಖವೇನೂ ಕಾಣುತ್ತಿರಲಿಲ್ಲ. ಮುಖ ನೋಡಿದರೆ ಕಷಾಯ ಕುಡಿಯುವವರ ಮುಖ. ಆದರೂ ಸಂಜೆ ಐದು ಗಂಟೆಗೆ ತಪ್ಪದೆ ಕೂರುವರು. ಒಂದು ದಿನ "ಸಿಹಿ ಅದೆ" ಎನ್ನುವರು. ಮಾರನೆಯ ದಿನ ಅದೇ ಕಟ್ಟಿನ ಎಲೆ ಸೇದಿ, "ನಾಲ್ಗೆ ಕಚ್ತದೆ" ಎಂದು ಉಗುಳುವರು.

ಮುಂಗಾರಿನ ನಾಟಿಯ ಹೊತ್ತಿಗೆ ಎಲೆಯ ಸಾಹೇಬರು ನಮ್ಮ ಕಡೆ ಸುತ್ತು ಬಂದರು. ಮಾವನವರು ಬದುವಿನ ಮೇಲೆ ಅವರನ್ನು ನಿಲ್ಲಿಸಿ, "ನೀವು ಹೇಳಿದ್ದು ಸರಿ ಸ್ವಾಮಿ. ಸೇದಿ ನೋಡ್ದೆ. ಮೂರನೇ ದರ್ಜೆನೇ" ಎಂದರು.

ಸಾಹೇಬರು ಬಾಯಿಂದ ಪೈಪನ್ನು ತೆಗೆದರು. ಜಗಳಕ್ಕೆ ಬರುವವರನ್ನು ಅವರು ಬೇಕಾದಷ್ಟು ಕಂಡಿದ್ದರು. ಒಪ್ಪಿಕೊಳ್ಳಲು ಬಂದವರನ್ನು ಕಂಡಿರಲಿಲ್ಲ. ಅವರೂ ಅಲ್ಲೇ ಬದುವಿನ ಮೇಲೆ ಕೂತರು.

"ನಿಮ್ಮ ಎಲೆ ಕೆಟ್ಟದ್ದಲ್ಲ" ಎಂದರು. "ಒಂದೇ ಕಟ್ಟಿನಲ್ಲಿ ಮೂರು ಥರದ್ದು ಸೇರಿರುತ್ತೆ. ಎಲೆ ವಿಂಗಡಿಸೋರು ಯಾರು?"

"ಹೆಂಗಸ್ರು."

"ಅವರು ವಿಂಗಡಿಸಿದ್ದನ್ನ ಕಟ್ಟೋರು?"

ಮಾವನವರು, "ನಾನು" ಎಂದರು. ಎಲೆ ಒಣಗಿ ಬಂದಾಗ, ಬೇಗ ಮುಗಿಯಲೆಂದು ಎಲ್ಲ ಗುಡ್ಡೆಗಳನ್ನೂ ಬಾಚಿ ಒಟ್ಟಿಗೇ ಬಿಗಿಯುವುದು ಅವರ ಪದ್ಧತಿ.

ಆ ಸಲದ ಎಲೆ ಬ್ಯಾರನ್ನಿನಿಂದ ಇಳಿದಾಗ ಮಾವನವರು ಕಟ್ಟಲು ಹೋಗಲಿಲ್ಲ. ಕೊಟ್ಟಿಗೆಯಲ್ಲಿ ಅತ್ತೆಯವರೂ ಊರಿನ ಐದು ಜನ ಹೆಂಗಸರೂ ಚಾಪೆಯ ಮೇಲೆ ಕೂತು ವಿಂಗಡಿಸುತ್ತಿದ್ದರು. ಒಬ್ಬೊಬ್ಬರೂ ಒಳ್ಳೆಯದೆಂದು ಬೇರೆ ಮಾಡಿದ ಗುಡ್ಡೆಯಿಂದ ಒಂದೊಂದು ಎಲೆ ತೆಗೆದು ಮೊರದಲ್ಲಿಟ್ಟು ತರಬೇಕು, ಯಾರದೆಂದು ಹೇಳಬಾರದು ಎಂದು ನನಗೆ ಅಪ್ಪಣೆಯಾಯಿತು. ಎಂಟು ದಿನ ಆರಾರು ಎಲೆಯ ರುಚಿ ನೋಡಿದರು. ನೋಡಿ ನೋಡಿ ಕಣ್ಣು ಕೆಂಪಾಯಿತು, ಧ್ವನಿ ಗೊಗ್ಗರಾಯಿತು. ಎಂಟು ದಿನವೂ ಒಂದೇ ಗುಡ್ಡೆಯ ಎಲೆಗೆ, "ಇದು ಕಣವ್ವ" ಎಂದರು.

ಒಂಬತ್ತನೆಯ ದಿನ ಕೇಳಿದರು: "ಯಾರ ಗುಡ್ಡೆ ಅದು?"

"ಅತ್ತೆಯವರದು."

ಮಾವನವರು ಬಾಯಿಂದ ಪೈಪನ್ನು ತೆಗೆದರು. "ಹದಿನೈದು ವರ್ಸ ಅವಳು ಬೇರೆ ಮಾಡಿದ್ದ ನಾನು ಕಲಸಿ ಕಟ್ಟಿವ್ನಿ" ಎಂದರು.

ಆ ವರ್ಷ ನಮಗೆ ಒಂದನೇ ದರ್ಜೆ ಸಿಕ್ಕಿತೆಂದು ಬರೆದರೆ ಓದುವವರಿಗೆ ಖುಷಿಯಾಗುತ್ತದೆ. ಸಿಕ್ಕಿದ್ದು ಎರಡನೆಯದು. ಅದಿರಲಿ. ಒಂಬತ್ತನೆಯ ದಿನದ ಮಧ್ಯಾಹ್ನ ಏನಾಯಿತೆಂದು ಹೇಳಿ ಮುಗಿಸುತ್ತೇನೆ.

ಮಾವನವರು ಎದ್ದು ಪೈಪು ಹಿಡಿದುಕೊಂಡೇ ಕೊಟ್ಟಿಗೆಗೆ ಹೋದರು. ಗಂಡಸರು ಆ ಚಾಪೆಯ ಹತ್ತಿರ ಬರುವ ವಾಡಿಕೆಯಿರಲಿಲ್ಲ. ಹೆಂಗಸರು ಕೈ ನಿಲ್ಲಿಸಿ ಸೆರಗು ಸರಿಮಾಡಿಕೊಂಡರು. ಮಾವನವರು ಅತ್ತೆಯವರ ಮುಂದೆ ನಿಂತು, "ನಿಂಗೆ ಎಂಗೆ ಗೊತ್ತಾಯ್ತದೆ? ನಂಗೂ ಹೇಳ್ಕೊಡು" ಎಂದರು.

ಅತ್ತೆಯವರು ತಲೆ ಎತ್ತಲಿಲ್ಲ. "ಮೊದ್ಲು ಆ ಬೆಂಕಿ ಆಚೆ ಮಡಗಿ ಬನ್ನಿ. ಕೈಯೂ ತೊಳ್ಕಂಡು ಬನ್ನಿ" ಎಂದರು.

ಮಾವನವರು ಹಾಗೇ ಮಾಡಿ ಬಂದರು. ಅತ್ತೆಯವರು ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟರು. ಅವರು ಕೂತ ಮೇಲೆ ಒಂದು ಎಲೆಯನ್ನು ಅವರ ಅಂಗೈ ಮೇಲೆ ಹರಡಿದರು.

"ಬಣ್ಣ ನೋಡ್ಬ್ಯಾಡಿ. ಕಣ್ಣು ಮುಚ್ಕಳಿ. ಎಲೆ ಕೈಗೆ ಬಗ್ಬೇಕು, ರೇಸ್ಮೆ ಬಗ್ಗಿದಂಗೆ. ಇಂಗೆ" ಎಂದು ಅವರ ಕೈಯ ಮೇಲೆ ತಮ್ಮ ಕೈಯಿಟ್ಟು ನಿಧಾನವಾಗಿ ಸವರಿ ತೋರಿಸಿದರು.

ಅವರಿಬ್ಬರ ಕೈ ತಾಗಿದ್ದನ್ನು ನಾನು ಆ ಮನೆಗೆ ಬಂದ ಮೇಲೆ ಕಂಡಿರಲಿಲ್ಲ. ಐದು ಜನ ಹೆಂಗಸರೂ ತಮ್ಮ ತಮ್ಮ ಎಲೆಗಳ ಮೇಲೆ ಬಗ್ಗಿದರು.

"ಗೊತ್ತಾಯ್ತಾ?" ಎಂದು ಅತ್ತೆಯವರು ಕೇಳಿದರು.

"ಇನ್ನೂ ಇಲ್ಲ" ಎಂದರು ಮಾವನವರು.

ಕಣ್ಣು ತೆರೆಯಲು ಅವರು ಅವಸರಪಡಲಿಲ್ಲ. ಅತ್ತೆಯವರು ಕೈ ತೆಗೆಯಲೂ ಇಲ್ಲ.