ಕಪ್ಪೆ ಬಳಗಕ್ಕೆ ಕಳಿಸಿದ ಹಳೇ ಅಕ್ಕಿ

ಸ್ನೇಹ ಉಳಿಯಬೇಕಾದರೆ ಎಲ್ಲರ ಕೈಯಲ್ಲೂ ಒಂದೊಂದು ಫೋನಿದ್ದರೆ ಸಾಕು ಎಂದು ನಂಬಿದ್ದವರಲ್ಲಿ ನಾನೂ ಒಬ್ಬ. ಈಗ ಆ ನಂಬಿಕೆ ಹೋಗಿದೆ. ಫೋನು ಮಾತ್ರ ಉಳಿದಿದೆ.

ಗಂಗಾವತಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಹೇಳುವ ನಾನು, ವಯಸ್ಸಿನಲ್ಲಿದ್ದಾಗ ಉಷ್ಣವಲಯದ ಜೀವಿಗಳ ಅಧ್ಯಯನ ಶಿಬಿರಕ್ಕೆಂದು ಘಟ್ಟದ ಕಾಡಿಗೆ ಹೋಗಿದ್ದೆ. ಬೇರೆ ಬೇರೆ ಊರಿನ ನಾವೊಂದಷ್ಟು ಜನ ಅಲ್ಲಿ ಒಂದೇ ದಾರಿಯ ಜಿಗಣೆಗಳಿಗೆ ಸರದಿಯ ಮೇಲೆ ರಕ್ತ ಕೊಟ್ಟವರು. ಅದಕ್ಕಿಂತ ಹತ್ತಿರದ ನಂಟು ಯಾವುದಿದೆ? ಕೊನೆಯ ದಿನ ಎಲ್ಲರೂ ಕಣ್ಣೀರು ಹಾಕಿ, ಇನ್ನು ಮುಂದೆ ಎಲ್ಲಿ ಏನು ಕಂಡರೂ ಒಬ್ಬರಿಗೊಬ್ಬರು ತೋರಿಸುವುದೆಂದು ಮಾತು ಕೊಟ್ಟುಕೊಂಡೆವು. ವಾಟ್ಸಾಪ್ ಬಂದ ಮೇಲೆ ‘ಕಪ್ಪೆ ಬಳಗ’ ಎಂಬ ಗುಂಪಾಯಿತು. ಅದಕ್ಕೊಂದು ನಿಯಮ: ಫೋಟೊ ಹಾಕಿದವರು ಹೆಸರು ಹೇಳಬಾರದು, ನೋಡಿದವರು ಹೇಳಬೇಕು, ಅದೂ ವೈಜ್ಞಾನಿಕ ಹೆಸರನ್ನೇ.

ಮೊದಮೊದಲು ಹೆಸರಿಗಾಗಿ ಜಗಳವೇ ನಡೆಯುತ್ತಿತ್ತು. ಕಪ್ಪೆಯ ವಿಷಯದಲ್ಲಿ ಮಂಗಳೂರಿನ ವಿದ್ಯಾ ಹೇಳಿದ್ದೇ ಕೊನೆಯ ಮಾತು. ಬರಬರುತ್ತ ಕಪ್ಪೆ ಹೋಗಿ ಹುಟ್ಟುಹಬ್ಬದ ಕೇಕು ಬಂತು, ಗುಡ್ ಮಾರ್ನಿಂಗ್ ಹೇಳುವ ಗುಲಾಬಿ ಬಂತು. ವಿದ್ಯಾ ಬ್ಯಾಂಕು ಸೇರಿದಳು, ಮೈಸೂರಿನ ಪ್ರಸನ್ನ ಸೈಟು ಮಾರತೊಡಗಿದ. ನಾನೊಬ್ಬನೇ ಸಾಣಾಪುರದ ಕೆರೆಯ ಹಕ್ಕಿ, ಕುಷ್ಟಗಿ ದಾರಿಯ ಓತಿಕ್ಯಾತ ಎಂದು ಹಾಕುತ್ತಲೇ ಇದ್ದೆ. ಎರಡು ನೀಲಿ ಗೆರೆ ಮೂಡುತ್ತಿದ್ದವು, ಅಷ್ಟೆ. ಆ ಬೇಸರ ನನ್ನನ್ನು ನಿಜಕ್ಕೂ ತಿಂದುಹಾಕಿತು. “ನೋಡಿನೂ ಸುಮ್ನ ಇರೋರು ಮನುಷ್ಯಾರೇನ?” ಎಂದು ಊಟದ ಮುಂದೆ ಕೂಗಾಡಿದರೆ ಹೆಂಡತಿ ಶಾರದಾ, “ಸಾರಿಗೆ ಉಪ್ಪು ಹೆಂಗೈತಂತ ನಾ ಕೇಳಿ ಎಷ್ಟೊತ್ತಾತು? ನೀವೂ ಸುಮ್ನ ಅದೀರಲ್ಲ” ಎನ್ನುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಶ್ರೀರಾಮನಗರದ ಗದ್ದೆಯ ಬದುವಿನ ಮೇಲೆ ಮೊಣಕಾಲೂರಿ ಒಂದು ಕಪ್ಪೆಗೆ ಫೋನು ಹಿಡಿದಿದ್ದೆ. ಗದ್ದೆಯ ಯಜಮಾನರು ಓಡಿ ಬಂದರು.

“ಏನ್ ಕಳಕೊಂಡೀರಿ ಸರ? ತಡೀರಿ, ನಾನೂ ಹುಡುಕ್ತೀನಿ.”

“ಏನಿಲ್ರಿ, ಕಪ್ಪಿ ಫೋಟೊ. ದೋಸ್ತರಿಗೆ ಕಳಸಾಕ.”

ಅವರು ನನ್ನನ್ನೊಮ್ಮೆ, ಕಪ್ಪೆಯನ್ನೊಮ್ಮೆ ನೋಡಿ, “ಅವ್ರ ಊರಾಗ ಇಲ್ಲೇನ್ರಿ?” ಎಂದು ಮರುಗಿದರು.

“ಇದು ಯಾರು?” ಎಂದು ಬಳಗಕ್ಕೆ ಹಾಕಿದೆ. ಪ್ರಸನ್ನನ ಉತ್ತರ ಬಂದೇಬಿಟ್ಟಿತು! “ಹಿಂದೆ ಕಾಣೋದು ಸೋನಾ ಮಸೂರಿನಾ? ಒಂದು ಚೀಲ ಕಳಿಸೋ ಮಾರಾಯ.” ಬೆನ್ನಿಗೇ ವಿದ್ಯಾ, “ನನಗೂ.” ವರ್ಷಗಟ್ಟಲೆ ಉಸಿರಾಡದವರೆಲ್ಲ ಎದ್ದು ಕೂತರು. ಕಪ್ಪೆಯ ಹೆಸರನ್ನು ಮಾತ್ರ ಯಾರೂ ಹೇಳಲಿಲ್ಲ. ನನಗೆ ಅಳುವೇ ಬಂತು. “ಮಾತಾಡಾಕತ್ತಾರಲ್ರಿ, ಅಷ್ಟ ಸಾಕು” ಎಂದಳು ಶಾರದಾ. ಅಕ್ಕಿಯ ನೆಪದಲ್ಲಾದರೂ ಬಳಗ ಉಳಿಯಲಿ ಎಂದು ನಾನೂ ಒಪ್ಪಿದೆ.

ನಮ್ಮ ಕಡೆ ಬೇಕಾದವರಿಗೆ ಹೊಸ ಅಕ್ಕಿ ಕೊಡುವುದಿಲ್ಲ, ಅನ್ನ ಮುದ್ದೆಯಾಗುತ್ತದೆ. ಶಾರದಾಳ ಅಣ್ಣ ಮನೆಮಂದಿಗೆಂದು ಕೂಡಿಟ್ಟಿದ್ದ ಹಳೇ ಅಕ್ಕಿಯನ್ನೇ ಕಾಡಿ ಬೇಡಿ ತಂದೆ. “ಬಿಸಲಿಗೆ ಹಾಕಿ, ಹಸನ ಮಾಡಿ ಕಳಸೋಣ್ರಿ” ಎಂದಳು ಅವಳು. ಅಷ್ಟು ತಾಳ್ಮೆ ನನಗೆಲ್ಲಿ? ಬಳಗ ಮತ್ತೆ ನಿದ್ದೆಹೋದರೆ ಎಂಬ ಹೆದರಿಕೆಯಲ್ಲಿ ಅಂದೇ ಲಾರಿಗೆ ಹಾಕಿಸಿದೆ.

ಮುಂದಿನ ಭಾನುವಾರ ಊಟಕ್ಕೆ ಕೂತಿದ್ದಾಗ ವಿದ್ಯಾಳ ಫೋಟೊ ಬಂತು. ಅಕ್ಕಿ ಕಾಳಿನ ಮೇಲೆ ಮೂತಿ ಚಾಚಿಕೊಂಡು ನಿಂತ ಪುಟ್ಟ ಕಂದು ಹುಳು. ಕೆಳಗೆ, ಹಳೆಯ ನಿಯಮದಂತೆ, “ಇದು ಯಾರು?” ಪ್ರಸನ್ನ, “ನನ್ನ ಚೀಲದಲ್ಲೂ ಇದ್ದಾರೆ, ಸಂಸಾರ ಸಮೇತ” ಎಂದ. “ಗಂಗಾವತಿಯ ಪ್ರಭೇದ, ಅವನೇ ಹೆಸರು ಹೇಳಲಿ” ಎಂದು ಎಲ್ಲರೂ ನನಗಾಗಿ ಕಾಯತೊಡಗಿದರು. ಇಂಥ ಒಂದು ದಿನಕ್ಕಾಗಿ ಎಷ್ಟು ಹಂಬಲಿಸಿದ್ದೆ! ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವನೇ ನಾನು.

ಶಾರದಾ ಇಣುಕಿ ನೋಡಿದಳು. “ಹೇಳ್ರಿ ಮತ್ತ, ಪಾಪ, ಕಾಯಾಕತ್ತಾರ.”

ನಾನು ನೋಡಿದ್ದು ಅವರಿಗೆ ಆಗಲೇ ಗೊತ್ತಾಗಿತ್ತು. ನೀಲಿ ಗೆರೆ ಮೂಡಿಬಿಟ್ಟಿದ್ದವು. ಫೋನನ್ನು ಬೋರಲು ಹಾಕಿ, “ಸಾರಿಗೆ ಉಪ್ಪು ಭಾಳ ಛಲೋ ಬಿದ್ದೈತಿ” ಎಂದೆ.

ಸಾರನ್ನು ಅವಳಿನ್ನೂ ಬಡಿಸಿರಲಿಲ್ಲ.