ಸಕ್ಕರೆಯನ್ನು ಹೊಸ್ತಿಲು ದಾಟಗೊಡದ ಅತ್ತೆ

ನನ್ನ ತವರುಮನೆಯಲ್ಲಿ ಇರುವೆಗಳಿಲ್ಲ. ನಂಬುವುದಿಲ್ಲವೇ? ಇಂಡಿಯಲ್ಲಿ ಟೆಂಪೋ ಹತ್ತಿ ನಮ್ಮೂರಿಗೆ ಬಂದು, ಅಡುಗೆಮನೆಯ ಮೂಲೆಮೂಲೆ ಹುಡುಕಿ ನೋಡಿ! ಒಂದು ಕಾಲದಲ್ಲಿ ಸಾಲುಗಟ್ಟಿ ಬರುತ್ತಿದ್ದವು. ಕಾದು ಕಾದು ಬೇಸತ್ತು, ಸಂಸಾರ ಸಮೇತ ಪಕ್ಕದ ಮನೆ ಸೇರಿಕೊಂಡಿವೆ. ಅದಕ್ಕಾಗಿ ಪಕ್ಕದ ಮನೆಯಾಕೆ ಇವತ್ತಿಗೂ ನಮ್ಮ ಅತ್ತೆಗೆ ಶಾಪ ಹಾಕುತ್ತಾಳೆ. ಮನಸ್ಸಿನಲ್ಲೇ ಹಾಕುತ್ತಾಳೆ, ಬಾಯಿಬಿಟ್ಟು ಹಾಕುವ ಧೈರ್ಯ ಯಾರಿಗಿದೆ?

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮದುವೆಯಾಗಿ ಹೋದ ಕೆಲವೇ ತಿಂಗಳಲ್ಲಿ ಟ್ರಂಕು ಎತ್ತಿಕೊಂಡು ವಾಪಸ್ಸು ಬಂದವಳು. ಯಾಕೆ ಬಂದೆ ಎಂದು ಕೇಳಿದವರಿಗೆ, "ನಮ್ಮಪ್ಪನ ಮನಿ, ಬಂದೇನಿ" ಎಂದಳಂತೆ. ಅಲ್ಲಿಗೆ ಆ ಪ್ರಕರಣ ಮುಗಿಯಿತು. ಅಂದಿನಿಂದ ಮನೆಯ ಯಜಮಾನಿಕೆ ಅವಳದೇ. ಅಪ್ಪ ಹೆಸರಿಗಷ್ಟೇ ಯಜಮಾನ.

ಅವಳಿಗೂ ಸಕ್ಕರೆಗೂ ಹಗೆ ಹುಟ್ಟಿದ್ದು ನನ್ನ ತಂಗಿ ಗೀತಾಳಿಂದ. ಗೀತಾ ಏಳನೆಯ ತರಗತಿಯಲ್ಲಿದ್ದಾಗ ಇದ್ದಕ್ಕಿದ್ದಂತೆ ಸೊರಗತೊಡಗಿದಳು. ಕೊಡಗಟ್ಟಲೆ ನೀರು ಕುಡಿಯುವಳು, ಆದರೂ ಬಾಯಾರಿಕೆ. ವಿಜಯಪುರದ ಡಾಕ್ಟರು ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆ, ದಿನಾಲೂ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಬೇಕು, ಜೀವನಪೂರ್ತಿ ಎಂದರು. ಅಮ್ಮ ಅಲ್ಲೇ ಅಳತೊಡಗಿದಳು. ಅತ್ತೆ ಅಳಲಿಲ್ಲ. ಡಾಕ್ಟರ ಜೊತೆ ಜಗಳಕ್ಕೆ ನಿಂತಳು!

"ಕಬ್ಬು ಬೆಳದಾಂವ ಇವರಪ್ಪ. ಡಬ್ಬಿಗಟ್ಟಲೆ ಸಕ್ಕರಿ ತಿಂದಾಕಿ ನಾನು. ಈ ಕೂಸಿಗ್ಯಾಕ ಶಿಕ್ಷಾ?"

"ತಿಂದಿದ್ದಕ್ಕ ಬಂದಿದ್ದಲ್ಲವ್ವ ಇದು. ಯಾರ ತಪ್ಪೂ ಅಲ್ಲ" ಎಂದರು ಡಾಕ್ಟರು. "ಮನ್ಯಾಗ ಎಲ್ಲಾರೂ ಸ್ವಲ್ಪ ಸಿಹಿ ಕಡಿಮಿ ಮಾಡ್ರಿ, ಹುಡುಗಿಗೂ ಹಗುರ ಅನಸ್ತೈತಿ. ನಿಮಗೂ ಛಲೋ."

ಪಾಪ, ಡಾಕ್ಟರು ಹೇಳಿದ್ದು 'ಸ್ವಲ್ಪ ಕಡಿಮೆ' ಎಂದು. ನಮ್ಮ ಅತ್ತೆಗೆ ಸ್ವಲ್ಪವೂ ಗೊತ್ತಿಲ್ಲ, ಕಡಿಮೆಯೂ ಗೊತ್ತಿಲ್ಲ. ಮನೆಗೆ ಬಂದವಳೇ ಸಕ್ಕರೆ ಡಬ್ಬಿಯನ್ನು ತೊಳೆದು, ಒರೆಸಿ, ಅದರಲ್ಲಿ ಹುರಳಿಕಾಳು ತುಂಬಿದಳು. "ಕೂಸು ತಿನ್ನಾಂಗಿಲ್ಲಂದ್ರ ಈ ಮನ್ಯಾಗ ಯಾರೂ ತಿನ್ನಾಂಗಿಲ್ಲ!" ಎಂದು ಘೋಷಿಸಿದಳು. ಬೆಲ್ಲವಾದರೂ ಇರಲಿ ಎಂದು ಅಮ್ಮ ಅಂಗಲಾಚಿದಳು. "ಬೆಲ್ಲ ಅಂದ್ರ ಏನ? ಸಕ್ಕರೀನ ಸೀರಿ ಬದಲಿಸಿಕೊಂಡು ಬಂದೈತಿ. ನನಗ ಮಾರಿ ಗುರ್ತ ಸಿಗೂದಿಲ್ಲೇನು?" ಎಂದಳು ಅತ್ತೆ. ಆ ವರ್ಷದ ಹೋಳಿಹುಣ್ಣಿಮೆಗೆ ನಮ್ಮ ಮನೆಯ ಹೋಳಿಗೆಯೊಳಗೆ ಬೆಳ್ಳುಳ್ಳಿ ಮತ್ತು ಹಸಿಮೆಣಸಿನಕಾಯಿ ಇದ್ದವು. ಗೊತ್ತಿಲ್ಲದೆ ಹಾಲು ತುಪ್ಪ ಹಾಕಿ ಕಲಸಿಕೊಂಡ ನೆಂಟರೊಬ್ಬರ ಮುಖ ನನಗೆ ಇನ್ನೂ ನೆನಪಿದೆ.

ಇನ್ನು ಕಾರ್ಖಾನೆಯ ಸಕ್ಕರೆ. ನಮ್ಮ ಕಡೆ ಕಬ್ಬು ಹಾಕುವವರಿಗೆ ಹಬ್ಬದ ಮುಂದೆ ಕಾರ್ಖಾನೆಯಿಂದ ಸಕ್ಕರೆ ಸಿಗುತ್ತದೆ. ಅದು ರೈತನ ಮನೆಯ ಮರ್ಯಾದೆಯ ಪ್ರಶ್ನೆ. ಅಪ್ಪ ಟ್ರ್ಯಾಕ್ಟರಿನಲ್ಲಿ ಚೀಲ ಹೇರಿಕೊಂಡು, ಊರವರೆಲ್ಲ ನೋಡುವಂತೆ ನಿಧಾನವಾಗಿ ಬಂದ. ಅತ್ತೆ ಹೊಸ್ತಿಲಲ್ಲಿ ಕೈಕಾಲು ಅಗಲಿಸಿ ನಿಂತಿದ್ದಳು.

"ಎಲ್ಲಿಂದ ತಂದಿ ಅಲ್ಲಿಗೇ ಒಯ್ಯಿ."

"ಅಕ್ಕಾ, ನಮ್ಮ ಹೊಲದಾಗಿನ ಕಬ್ಬಿಂದ ಆಗಿದ್ದು ಇದು!"

"ಮಾರಿದ ಎಮ್ಮಿ ತಿರುಗಿ ಬಂದ್ರ ಒಳಗ ಕಟ್ಟಿಕೋತಿಯೇನು?"

ಅಪ್ಪ ಚೀಲವನ್ನು ಪಕ್ಕದ ಮನೆಯಲ್ಲಿ ಇಳಿಸಿದ. ಇರುವೆಗಳು ಎಲ್ಲಿಗೆ ಹೋದವು, ಯಾಕೆ ಹೋದವು ಎಂದು ಈಗ ತಿಳಿಯಿತಲ್ಲ?

ಮನೆಯವರಲ್ಲಿ ಹೆಚ್ಚು ಪಾಡುಪಟ್ಟವನು ಅಪ್ಪನೇ. ಚಹಾ ಇಲ್ಲದೆ ಅವನಿಗೆ ಬೆಳಗಾಗುವುದಿಲ್ಲ, ಸಿಹಿಯಿಲ್ಲದ್ದನ್ನು ಅವನು ಚಹಾ ಎಂದು ಒಪ್ಪುವುದಿಲ್ಲ. ಊರ ಹೋಟೆಲಿನವನಿಗೆ ಅತ್ತೆ ಮೊದಲೇ ತಾಕೀತು ಮಾಡಿದ್ದಳು. ಹೀಗಾಗಿ ಅಪ್ಪನಿಗೆ ದಿನಾಲೂ ಇಂಡಿಯಲ್ಲಿ ಕೆಲಸ ಬೀಳತೊಡಗಿತು. ನಿಂಬೆಹಣ್ಣಿನ ಧಾರಣೆ ಕೇಳಬೇಕು, ಪಂಪಿನ ವಾಶರ್ ತರಬೇಕು, ತಹಶೀಲ್ದಾರ ಕಚೇರಿಯಲ್ಲಿ ಸಹಿ ಮಾಡಬೇಕು! ಒಂದು ಮಧ್ಯಾಹ್ನ ಟೆಂಪೋ ಇಳಿದು ಬಂದವನನ್ನು ಅತ್ತೆ ಅಂಗಳದಲ್ಲೇ ತಡೆದಳು.

"ಚಾ ಕುಡದಿ?"

"ಇಲ್ಲ ಅಕ್ಕಾ, ದೇವರಾಣಿ!"

"ಹಂಗಾರ ಯಾಕ ನಕ್ಕೋತ ಬರಾಕತ್ತಿ?"

ಮರುದಿನದಿಂದ ಅಪ್ಪ ಮುಖ ಗಂಟು ಹಾಕಿಕೊಂಡೇ ಇಂಡಿಯಿಂದ ಬರುವುದನ್ನು ರೂಢಿ ಮಾಡಿಕೊಂಡ.

ಸ್ವಂತ ಮನೆಯಲ್ಲಿ ಏನು ಮಾಡಿದರೂ ನಡೆದೀತು. ಅತ್ತೆ ಬಸವನ ಬಾಗೇವಾಡಿಯ ನನ್ನ ಗಂಡನ ಮನೆಗೂ ಬಂದಳಲ್ಲ! ನಮ್ಮ ಕಡೆ ಬೀಗರ ಮನೆಯ ಚಹಾ ಬೇಡ ಎಂದರೆ ಬೀಗತನವೇ ಬೇಡ ಎಂದ ಹಾಗೆ. ನಮ್ಮ ಅತ್ತೆಮ್ಮನವರು, ಎಂದರೆ ನನ್ನ ಗಂಡನ ತಾಯಿ, ಮರ್ಯಾದೆಗೆಂದು ಇನ್ನೊಂದು ಚಮಚ ಸಕ್ಕರೆ ಜಾಸ್ತಿಯೇ ಹಾಕಿ ತಂದಿದ್ದರು. ಅತ್ತೆ ಕಪ್ಪನ್ನು ಮುಟ್ಟಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಕಂಡ ಕಂಡ ದೇವರಿಗೆ ಕೈಮುಗಿಯುತ್ತಿದ್ದೆ.

"ನಿಮಗ ಶುಗರ್ ಐತೇನ್ರಿ?" ಎಂದರು ಅತ್ತೆಮ್ಮ.

"ನನಗೇನಾಗೈತ್ರಿ! ಕಲ್ಲ ತಿಂದು ಕಲ್ಲ ಅರಗಿಸಿಕೋತೇನಿ. ನಮ್ಮ ಸಣ್ಣಾಕಿಗೈತಿ."

"ಅಯ್ಯ, ಆಕಿಗೈತಿ ಅಂತ ನೀವ್ಯಾಕ ಬಿಟ್ಟೀರಿ?"

"ಆಕಿ ಒಬ್ಬಾಕಿನ ಬಿಡಬೇಕೇನ್ರಿ?"

ಅತ್ತೆಮ್ಮ ಎದ್ದು ಹೋಗಿ ಸಕ್ಕರೆಯಿಲ್ಲದ ಬೇರೆ ಚಹಾ ಮಾಡಿಕೊಂಡು ಬಂದರು. ಅತ್ತೆ ಅದನ್ನು ಸುರ್ ಸುರ್ ಎಂದು ಕುಡಿದು, "ಈಗ ಚಾದ ರುಚಿ ಗೊತ್ತಾತು ನೋಡ್ರಿ" ಎಂದು ಉಪದೇಶವನ್ನೂ ಕೊಟ್ಟು ಹೋದಳು. ನಮ್ಮ ಮನೆಯಲ್ಲಿ ಈಗ ಕಪ್ಪಿಗೆ ಅರ್ಧ ಚಮಚವಷ್ಟೇ.

ಗೀತಾ ಬಿ.ಎಡ್. ಮುಗಿಸಿದಳು, ಮುಳವಾಡದ ಹತ್ತಿರದ ಶಾಲೆಯೊಂದರಲ್ಲಿ ಕಲಿಸತೊಡಗಿದಳು, ಕನ್ಯೆ ನೋಡಲು ಜನ ಬರತೊಡಗಿದರು. ನಿಜವಾದ ಕಾಳಗ ಶುರುವಾದದ್ದು ಆಗ. ಸಿಂದಗಿಯ ನಮ್ಮ ಸೋದರಮಾವ, ಸೂಜಿಯ ವಿಷಯ ಈಗಲೇ ಯಾಕೆ ಎತ್ತಬೇಕು, ಮದುವೆಯಾದ ಮೇಲೆ ತಾನೇ ತಿಳಿಯುತ್ತದೆ ಎಂದು ಸಲಹೆ ಕೊಟ್ಟ. ಅತ್ತೆ ಕೆರಳಿದಳು.

"ಸಂತ್ಯಾಗ ಎತ್ತ ಮಾರೂಮುಂದ ಬಾಯಿ ತೆಗೆದು ಹಲ್ಲ ತೋರಸ್ತಿ. ನಮ್ಮ ಹುಡುಗೀನ ಮುಚ್ಚಿ ಕೊಡ್ಬೇಕೇನು? ಆಕಿ ಏನ ಕಳವು ಮಾಡ್ಯಾಳ?"

ಮುದ್ದೇಬಿಹಾಳದವರು ಬಂದರು. ಅವಲಕ್ಕಿಯಾದರೂ ತಿನ್ನಲಿ, ಆಮೇಲೆ ಹೇಳೋಣ ಎಂದು ಅಮ್ಮ ಬೇಡಿಕೊಂಡಳು. ಉಂಡ ಮೇಲೆ ಹೇಳಿದರೆ ಮೋಸ ಎಂಬುದು ಅತ್ತೆಯ ವಾದ. ಅವರು ಕಾಲು ತೊಳೆದುಕೊಳ್ಳುತ್ತಿದ್ದಾಗಲೇ ಹೇಳಿಬಿಟ್ಟಳು! ಅವರು ಒದ್ದೆ ಕಾಲಿನಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೋದರು. ಅಂದು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಅತ್ತೆ ಮಾತ್ರ ಗೀತಾಳನ್ನು ಎದುರಿಗೆ ಕೂರಿಸಿಕೊಂಡು, ಅವಲಕ್ಕಿಯ ಬುಟ್ಟಿ ಇಟ್ಟುಕೊಂಡು, "ಹೋಗ್ಲಿ ಬಿಡ. ನಮಗಷ್ಟ ಉಳೀತು" ಎಂದು ತಿಂದಳು, ತಿನಿಸಿದಳು.

ಕೊನೆಗೆ ತಾಳಿಕೋಟೆಯವರು ಬಂದರು. ಹುಡುಗನದು ಪಂಪ್‌ಸೆಟ್ ಅಂಗಡಿ. ಅವನು ಎಲ್ಲ ಕೇಳಿ ಆಗಲಿ ಎಂದ. ಅವನ ತಾಯಿ ಮಗನ ಮುಖ ನೋಡಿ, ಮನಸ್ಸಿಲ್ಲದ ಮನಸ್ಸಿನಿಂದ ತಲೆಯಾಡಿಸಿದರು. ಎಲ್ಲಿ ಏನು ನೆಪ ಸಿಕ್ಕು ಸಂಬಂಧ ಮುರಿಯುವುದೋ ಎಂದು ನಮಗೆಲ್ಲ ಒಳಗೊಳಗೇ ಭಯ.

ಈಗ ನೋಡಿ ಫಜೀತಿ! ನಿಶ್ಚಯಕ್ಕೆ ನಮ್ಮ ಕಡೆ ಸಕ್ಕರಿಪುಡಾ ಎನ್ನುತ್ತಾರೆ. ಗಂಡಿನವರು ಬಣ್ಣದ ಕಾಗದದಲ್ಲಿ ಸಕ್ಕರೆಯ ಪೊಟ್ಟಣ ಕಟ್ಟಿ ತಂದು ಹುಡುಗಿಯ ಕೈಗೆ ಕೊಡಬೇಕು, ಮುಹೂರ್ತಕ್ಕೆ ಬಿಚ್ಚಿ ಎಲ್ಲರ ಬಾಯಿಗೆ ಹಾಕಬೇಕು. ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಗಟ್ಟಿ. ಅತ್ತೆ ಸಕ್ಕರೆಯಿಲ್ಲದ ಸಕ್ಕರಿಪುಡಾ ಮಾಡಿ ಎಂದು ಹಟ ಹಿಡಿದಳು. ಅವಲಕ್ಕಿಯ ಖಾರದ ಚೂಡಾ ಕಟ್ಟಿ ತಂದರೆ ಆಗದೇ? ಹಿರಿಯರೆಲ್ಲ ಹೌಹಾರಿದರು. ಕೊನೆಗೆ ರಾಜಿಯಾಯಿತು. ಪೊಟ್ಟಣ ಬರಲಿ, ಆದರೆ ಬಿಚ್ಚಬಾರದು! ಗಂಡಿನ ತಾಯಿಯ ಮುಖ ಇನ್ನಷ್ಟು ಬಿಗಿಯಿತು.

ನಿಶ್ಚಯದ ದಿನ ಅವರ ಟೆಂಪೋ ತಡವಾಯಿತು. ಬಂದವರು ಮೊದಲು ಊಟ ಎಂದರು, ಎಲೆ ಹಾಕುವಷ್ಟರಲ್ಲಿ ಅವರ ಹಿರಿಯರೊಬ್ಬರು ಮೊದಲು ಕಾರ್ಯ ಎಂದರು. ಅಷ್ಟರಲ್ಲಿ ಗೀತಾ ಊಟವೆಂದು ನಂಬಿ ಸೂಜಿ ಚುಚ್ಚಿಕೊಂಡಾಗಿತ್ತು. ಸೂಜಿ ಒಳಗೆ ಹೋದ ಮೇಲೆ ಅನ್ನ ಹೋಗಲೇಬೇಕು, ಇಲ್ಲದಿದ್ದರೆ ಮೈಯ ಸಕ್ಕರೆ ಇಳಿಯುತ್ತ ಹೋಗಿ ಎಚ್ಚರವೇ ತಪ್ಪುತ್ತದೆ. ಹೊಸ ಜನರ ಮುಂದೆ ಹೇಗೆ ಹೇಳುವುದೆಂದು ಅವಳು ಸುಮ್ಮನೆ ಮಣೆಯ ಮೇಲೆ ಕುಳಿತಳು. ಪುರೋಹಿತರ ಮಂತ್ರ ಬೆಳೆಯಿತು. ಅವಳ ತಲೆ ಬಾಗಿತು, ಬಳೆ ನಡುಗಿದವು. ಹುಡುಗಿಗೆ ಎಷ್ಟು ನಾಚಿಕೆ ಎಂದು ಹೆಂಗಸರು ನಕ್ಕರು. ನಾನೂ ನಕ್ಕೆ.

ಗೀತಾಳ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿದ್ದ ಅತ್ತೆ ನಗಲಿಲ್ಲ. ಜನರನ್ನು ದಾಟಿಕೊಂಡು ಓಡಿ ಬಂದವಳೇ, ತಟ್ಟೆಯಲ್ಲಿ ಕುಂಕುಮ ಹಚ್ಚಿಟ್ಟಿದ್ದ ಆ ಪೊಟ್ಟಣವನ್ನು ಎಳೆದು ಪರ್ ಎಂದು ಹರಿದಳು. ಮುಷ್ಟಿ ತುಂಬ ಸಕ್ಕರೆ ಗೀತಾಳ ಬಾಯಿಗೆ!

"ನುಂಗು. ನುಂಗು ನನ್ನವ್ವ."

"ಅಯ್ಯಯ್ಯ, ಇನ್ನಾ ಮುಹೂರ್ತ ಆಗಿಲ್ಲಲ್ರಿ!" ಎಂದು ಗಂಡಿನ ತಾಯಿ ಕೂಗಿದರು.

"ಮುಹೂರ್ತ ಕಾಯ್ತೈತ್ರಿ. ನನ್ನ ಕೂಸು ಕಾಯೂದಿಲ್ಲ!"

ಸಕ್ಕರೆ ಗೀತಾಳ ಸೀರೆಯ ಮೇಲೆ, ಮಣೆಯ ಮೇಲೆ, ಪುರೋಹಿತರ ಪಂಚಾಂಗದ ಮೇಲೆ ಚೆಲ್ಲಿತ್ತು. ಮುಗಿಯಿತು, ಇನ್ನು ಇವರೂ ಎದ್ದು ಹೋಗುತ್ತಾರೆ ಎಂದುಕೊಂಡೆ. ಹುಡುಗ ನೀರಿನ ತಂಬಿಗೆ ತಂದು ಗೀತಾಳ ಬಾಯಿಗೆ ಹಿಡಿದ. ನಿಧಾನವಾಗಿ ಅವಳ ಕಣ್ಣು ತಿಳಿಯಾದವು. ಗಂಡಿನ ತಾಯಿ ಎದ್ದರು. ಎದ್ದು ಗೀತಾಳ ಹತ್ತಿರ ಬಂದು, ಅವಳ ಗಲ್ಲಕ್ಕೆ ಅಂಟಿದ್ದ ಸಕ್ಕರೆಯನ್ನು ತಮ್ಮ ಸೆರಗಿನಿಂದ ಒರೆಸಿ, "ಮೊದಲ ಹುಡುಗಿಗಿ ಎಲಿ ಹಾಕ್ರಿ. ಕಾರ್ಯ ಆಮ್ಯಾಲ" ಎಂದರು.

ಹೆಂಗಸರು ಎಲೆ ಹಾಕಲು ಎದ್ದರು. ಹುಡುಗ ಮಾತ್ರ ಗೀತಾಳ ಪಕ್ಕದಲ್ಲೇ ಕುಳಿತಿದ್ದ. "ಅತ್ತೀ, ಅಷ್ಟ ದೂರಿಂದ ನಿಮಗ ಹೆಂಗ ತಿಳೀತ್ರಿ? ನನಗೂ ಕಲಸ್ರಿ" ಎಂದ.

ಅತ್ತೆ ಅವನ ಕೈ ಹಿಡಿದು, ಗೀತಾಳ ಹೆರಳು ಸರಿಸಿ, ಕುತ್ತಿಗೆಯ ಹಿಂಭಾಗಕ್ಕೆ ಮುಟ್ಟಿಸಿದಳು. ಅತ್ತೆಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವಷ್ಟೂ ಪುರುಸೊತ್ತಿಲ್ಲ ಎಂಬಂತೆ ಹೇಳಿಕೊಡುತ್ತಿದ್ದಳು.

"ಇಲ್ಲೆ ನೋಡಪ, ಮೊದಲ ಇಲ್ಲೇ ತಣ್ಣಗ ಬೆವರ್ತಾಳ. ಆಕಿ ತಾನಾಗಿ ಹೇಳೂದಿಲ್ಲ. ನೀನ ನೋಡ್ಬೇಕು."