ಕೊಕ್ಕೆಗೆ ಬಿದ್ದ ಪರಾಕ್ರಮಿ

ಸ್ಟೂಲು ಹತ್ತಿದರೆ ತಲೆ ತಿರುಗುವ ಗಂಡಸು ಮರದಿಂದ ಮರಕ್ಕೆ ಹಾರುವ ಮಾತು ಎತ್ತಬಾರದು. ಎತ್ತಿದ, ಅನುಭವಿಸಿದ. ಕತೆ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅವನಿಗೆ ಉಪಕಾರ ಮಾಡಿದಂತಾಗುತ್ತದೆ, ಅಂಥ ಉದ್ದೇಶ ನನಗೆ ಖಂಡಿತ ಇಲ್ಲ.

ತಕ್ಕಡಿ ತಯಾರಿಸುವ ಕಂಪನಿಯೊಂದರಲ್ಲಿ ಅವನು ಗುಮಾಸ್ತ. ಆಫೀಸಿನವರು ಇಟ್ಟ ಹೆಸರು ಪರಾಕ್ರಮಿ. ಅದನ್ನು ಹೊಗಳಿಕೆಯೆಂದು ನಂಬಿದ್ದವನು ಅವನೊಬ್ಬನೇ. ಮನೆಯಲ್ಲಿ ಬಲ್ಬು ಹೋದರೆ ಹೆಂಡತಿಯೇ ಸ್ಟೂಲು ಹತ್ತಬೇಕು. ಇವನು ಕೆಳಗೆ ಕೂತು ಸ್ಟೂಲಿನ ಕಾಲು ಹಿಡಿದು, "ಸೊಂಟ ನೋವು ಕಣೇ, ಇಲ್ಲದಿದ್ರೆ ನಾನೇ ಹತ್ತುತ್ತಿದ್ದೆ" ಎನ್ನುತ್ತಾನೆ. ಮದುವೆಯಾದಾಗಿನಿಂದ ಆ ಸೊಂಟ ಬಲ್ಬು ಹೋದಾಗ ಮಾತ್ರ ನೋಯುತ್ತದೆ.

ಅವತ್ತು ಬೆಳಗ್ಗೆ ಚಹಾದ ಹೊತ್ತಿನಲ್ಲಿ ಟೈಪಿಸ್ಟ್ ಮೇಡಂ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ದಟ್ಟವಾದ ಮಳೆಕಾಡು, ಮರದ ನೆತ್ತಿಯಿಂದ ಮರದ ನೆತ್ತಿಗೆ ಬಿಗಿದ ತಂತಿ, ಅದಕ್ಕೆ ನೇತುಬಿದ್ದು ಸುಯ್ಯನೆ ಜಾರಿ ಹೋಗುವ ಯಾರೋ ಪುಣ್ಯಾತ್ಮರು. ಜಿಪ್‌ಲೈನ್ ಎನ್ನುತ್ತಾರಂತೆ.

"ಅಬ್ಬಾ, ಎಷ್ಟು ಎತ್ತರಪ್ಪ!" ಎಂದರು ಮೇಡಂ.

"ಇದಾ? ನಾನು ಎರಡು ಸಲ ಹೋಗಿದ್ದೀನಿ" ಎಂದ ಪರಾಕ್ರಮಿ, ಚಹಾ ಊದುತ್ತ. "ಎರಡನೇ ಸಲವಂತೂ ಕೈ ಬಿಟ್ಟೇ ಹೋದೆ."

ಸುಳ್ಳು ಹೇಳುವ ಮೊದಲು ಒಂದು ಸಲ ಹಿಂದೆ ತಿರುಗಿ ನೋಡಬೇಕು. ಹಿಂದೆ ಮ್ಯಾನೇಜರು ನಿಂತಿದ್ದರು.

"ನಿಜವಾಗ್ಲೂ ಹೋಗಿದ್ದೀರಾ?" ಎಂದರು. ಅವರ ಮುಖ ಯಾಕೋ ಬಾಡಿತು. "ಯಜಮಾನರು ಈ ಸಲದ ಆಫೀಸ್ ಪ್ರವಾಸಕ್ಕೆ ನಮ್ಮನ್ನೆಲ್ಲ ಅಲ್ಲಿಗೇ ಕಳಿಸ್ತೀನಿ ಅಂತಿದ್ದಾರೆ. ಆದ್ರೆ ಅನುಭವ ಇರೋರು ಒಬ್ಬರಾದ್ರೂ ಇರಬೇಕು ಅಂದಿದ್ರು. ಇದ್ದೀರಲ್ಲ, ಏನು ಮಾಡೋಕಾಗುತ್ತೆ! ಸಂಜೆಯೊಳಗೆ ನೀವೇ ಪ್ಲಾನ್ ಮಾಡಿ. ಹೆಡ್‌ಕ್ಲರ್ಕ್ ಕುರ್ಚಿ ಬೇರೆ ಖಾಲಿ ಇದೆ. ಯಜಮಾನರಿಗೆ ಧೈರ್ಯವಂತರು ಅಂದ್ರೆ ಇಷ್ಟ."

ಹೆಡ್‌ಕ್ಲರ್ಕ್ ಕುರ್ಚಿ! ಅದಕ್ಕೆ ಕೈಯಿದೆ, ಬೆನ್ನಿದೆ, ಚಕ್ರವಿದೆ. ಪರಾಕ್ರಮಿ ಕೂರುವುದು ಬೆನ್ನಿಲ್ಲದ ಸ್ಟೂಲಿನ ಮೇಲೆ. ಎಲ್ಲರೂ ಊಟಕ್ಕೆ ಹೋದಾಗ ಆ ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿ ಎದ್ದುಬರುವುದು ಅವನ ನಿತ್ಯಸುಖ. "ಸಾರ್, ನಾನು ಸುಳ್ಳು ಹೇಳಿದೆ" ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕುರ್ಚಿಯ ಆಸೆ ಬಾಯಿ ಕಟ್ಟಿತು. ಉತ್ತರನ ಪೌರುಷ ಒಲೆಯ ಮುಂದೆ ಎನ್ನುವುದು ಇಂಥವರಿಗೇ.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ತಾನು ಒಲ್ಲೆ ಎನ್ನಬಾರದು, ಉಳಿದವರ ಬಾಯಿಂದ ಒಲ್ಲೆ ಅನ್ನಿಸಬೇಕು. ಮೊದಲು ಟೈಪಿಸ್ಟ್ ಮೇಡಂ ಹತ್ತಿರ ಹೋದ.

"ಮೇಡಂ, ಅಲ್ಲಿ ಜಿಗಣೆ ಕಾಟ. ಕಾಲಿಗೆ ಹತ್ತಿದ್ರೆ ರಕ್ತ ಕುಡಿದು ಬೆರಳಿನಷ್ಟು ದಪ್ಪ ಆಗ್ತವೆ."

ಮೇಡಂ ಒಂದು ಲೋಟ ನೀರು ಪೂರ್ತಿ ಕುಡಿದರು. ಆಮೇಲೆ ನಕ್ಕರು. "ಜಿಗಣೆ ತಾನೆ? ನೀವೇ ಎರಡು ಸಲ ಹೋಗಿ ಬಂದಿದ್ದೀರಿ, ನಾನೇನು ಕಡಿಮೆ?"

ಸ್ಟೋರ್‌ಕೀಪರನ ಹತ್ತಿರ ಹೋಗಿ ದನಿ ತಗ್ಗಿಸಿದ. "ಅಣ್ಣಾ, ತಂತಿಯ ನಡುಮಧ್ಯೆ ನಿಂತುಬಿಡ್ತೀವಿ ಒಂದೊಂದ್ಸಲ. ಕೆಳಗೆ ನೋಡಿದ್ರೆ ನೆಲವೇ ಕಾಣಲ್ಲ."

ಸ್ಟೋರ್‌ಕೀಪರನ ಕೈಯಿಂದ ತೂಕದ ಬಟ್ಟು ಜಾರಿ ಅವನ ಕಾಲ ಮೇಲೇ ಬಿತ್ತು. "ಏನ್ ಮಜಾ ಇರುತ್ತಪ್ಪಾ!" ಎಂದ, ಕಾಲು ಹಿಡಿದುಕೊಂಡು ಕುಂಟುತ್ತ.

ಕಣ್ಣಿದ್ದವನಾಗಿದ್ದರೆ ಅಷ್ಟರಲ್ಲೇ ಅರ್ಥವಾಗಬೇಕಿತ್ತು. ಪರಾಕ್ರಮಿಗೆ ಅರ್ಥವಾಗಲಿಲ್ಲ. ಇವರೆಲ್ಲ ಗಟ್ಟಿಗರು, ನಾನೊಬ್ಬನೇ ಹೇಡಿ ಅಂದುಕೊಂಡು ಕಾಡಿನಲ್ಲಿ ಜಿಪ್‌ಲೈನ್ ನಡೆಸುವವರಿಗೆ ಫೋನ್ ಮಾಡಿದ. ಅಲ್ಲಿಯವನು, "ಒಬ್ಬೊಬ್ಬರ ತೂಕ ಸರಿಯಾಗಿ ಹೇಳಿ ಸಾರ್. ನೂರು ಕಿಲೋ ದಾಟಿದೋರನ್ನ ನಾವು ಹತ್ತಿಸಲ್ಲ" ಎಂದ. ಪರಾಕ್ರಮಿಗೆ ಹೋದ ಜೀವ ಬಂದಂತಾಯಿತು. ಮ್ಯಾನೇಜರು ನಡೆದು ಬಂದರೆ ಅವರಿಗಿಂತ ಮೊದಲು ಮೇಜಿನ ಮೇಲಿನ ಲೋಟ ಅಲುಗಾಡಿ ಸುದ್ದಿ ಕೊಡುತ್ತದೆ. ಅವರು ನೂರು ದಾಟದೆ ಇರುತ್ತಾರೆಯೇ? ಮ್ಯಾನೇಜರೇ ಬರದಿದ್ದರೆ ಪ್ರವಾಸವೆಲ್ಲಿಯದು?

ಸಂಜೆ ಎಲ್ಲರೂ ಸೇರಿದಾಗ ಎದೆಯುಬ್ಬಿಸಿ ಹೇಳಿದ, "ಎಲ್ಲರ ತೂಕ ನೋಡಲೇಬೇಕು. ಕಾಡಿನವರ ನಿಯಮ."

"ನೋಡಿ, ನೋಡಿ!" ಎಂದು ಮ್ಯಾನೇಜರು ಎಲ್ಲರಿಗಿಂತ ಮೊದಲು ಎದ್ದರು. ಅವರ ಮುಖದಲ್ಲಿ ಬೆಳಗ್ಗೆಯಿಂದ ಇಲ್ಲದ ಕಳೆ ಬಂದಿತ್ತು.

ಬೇರೆ ಆಫೀಸಾಗಿದ್ದರೆ ಒಬ್ಬೊಬ್ಬರಾಗಿ ತಕ್ಕಡಿಯ ಮೇಲೆ ನಿಂತು ಇಳಿಯುತ್ತಿದ್ದರು. ಇದು ತಕ್ಕಡಿಯವರ ಆಫೀಸು, ಇಲ್ಲಿ ತೂಕವೆಂದರೆ ಪ್ರತಿಷ್ಠೆ. "ನಿಂತು ತೂಗೋದು ಗಿರಾಕಿಗಳು" ಎಂದ ಸ್ಟೋರ್‌ಕೀಪರ್. "ಅಲ್ಲಿ ನೇತಾಡೋದು ತಾನೆ? ಇಲ್ಲೂ ನೇತುಹಾಕಿಯೇ ತೂಗೋಣ. ಕೊಕ್ಕೆ ತಕ್ಕಡಿ ಇದೆ, ಮೂಟೆ ಎತ್ತೋ ಪಟ್ಟಿ ಇದೆ. ಮೊದಲು ಅನುಭವ ಇರೋರು ಬರಲಿ, ನಾವು ನೋಡಿ ಕಲೀತೀವಿ."

ಬೇಡ ಎನ್ನುವಷ್ಟರಲ್ಲಿ ಪಟ್ಟಿ ಸೊಂಟಕ್ಕೂ ತೊಡೆಗೂ ಬಿಗಿದು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿಯಾಗಿತ್ತು. ಸ್ಟೋರ್‌ಕೀಪರ್ ರಾಟೆಯ ಸರಪಳಿ ಎಳೆದ. ಪರಾಕ್ರಮಿಯ ಕಾಲು ನೆಲ ಬಿಟ್ಟಿತು. ಕಣ್ಣು ಮುಚ್ಚಿಕೊಂಡ.

"ಒದ್ದಾಡಬೇಡಿ, ತೂಕ ನಿಲ್ತಿಲ್ಲ" ಎಂದರು ಟೈಪಿಸ್ಟ್ ಮೇಡಂ.

"ಇಳಿಸ್ರೋ! ಅಯ್ಯಯ್ಯೋ, ಇಳಿಸ್ರೋ! ನಾನು ಜನ್ಮದಲ್ಲೇ ಹೋಗಿಲ್ಲ! ಎಲ್ಲ ಸುಳ್ಳು! ಸ್ಟೂಲ್ ಮೇಲೆ ನಿಂತ್ರೂ ನನಗೆ ತಲೆ ತಿರುಗುತ್ತೆ! ಎಷ್ಟು ಮೇಲಿದ್ದೀನಿ, ಹೇಳಿ!"

ಅವನು ನೆಲದಿಂದ ಒಂದು ಮೊಳ ಮೇಲಿದ್ದ.

ಯಾರೂ ನಗಲಿಲ್ಲ. ಮ್ಯಾನೇಜರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. "ಬೆಳಗ್ಗೇನೇ ಹೇಳಬಾರದಿತ್ತೇನ್ರೀ? ನನಗೂ ಎತ್ತರ ಅಂದ್ರೆ ಭಯ. ನಮ್ಮಲ್ಲಿ ಅನುಭವ ಇರೋರು ಯಾರೂ ಇಲ್ಲ ಅಂತ ಯಜಮಾನರಿಗೆ ಹೇಳಿ ತಪ್ಪಿಸ್ಕೊಳ್ಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಎರಡು ಸಲ ಅಂದ್ರಿ!"

"ನನಗೂ ಹೆದರಿಕೆ ಸಾರ್" ಎಂದರು ಟೈಪಿಸ್ಟ್ ಮೇಡಂ ತಟ್ಟನೆ. "ಇವರ ಮುಂದೆ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು."

"ನನ್ನ ಕಾಲು ನೋಡಿ ಸಾರ್, ಹೆದರಿಕೆಗೇ ಊದಿಕೊಂಡಿದೆ" ಎಂದ ಸ್ಟೋರ್‌ಕೀಪರ್.

ಪರಾಕ್ರಮಿ ಒಂದು ಕಣ್ಣು ತೆರೆದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು! "ಹಾಗಾದ್ರೆ ಯಾರೂ ಹೋಗೋದು ಬೇಡ, ಅಲ್ವಾ ಸಾರ್?" ಎಂದ, ನೇತಾಡುತ್ತಲೇ.

"ನಾವ್ಯಾರೂ ಹೋಗಬೇಕಾಗಿಲ್ಲ. ಹೆದರೋರನ್ನ ಬಲವಂತ ಮಾಡಬೇಡಿ ಅಂತ ಯಜಮಾನರೇ ಅಂದಿದ್ದಾರೆ. ಆದ್ರೆ ಹೆದರಿಕೆ ಅಂತ ಮೊದಲು ಬಾಯಿ ಬಿಡೋರು ಯಾರು? ನೀವು ಬಿಟ್ಟು ಪುಣ್ಯ ಕಟ್ಟಿಕೊಂಡ್ರಿ" ಎಂದು ಮ್ಯಾನೇಜರು ಸಮಾಧಾನವಾಗಿ ಕೂತರು. "ನೀವು ಮಾತ್ರ ಹೋಗಲೇಬೇಕು."

"ನಾನಾ?"

"ಮಧ್ಯಾಹ್ನವೇ ಯಜಮಾನರಿಗೆ ಫೋನ್ ಮಾಡಿಬಿಟ್ಟೆ. ಅವರ ತಾಯಿಗೆ ಎಂಬತ್ತು ದಾಟಿದೆ, ಸಾಯೋದರೊಳಗೆ ಒಂದ್ಸಲ ತಂತಿ ಮೇಲೆ ಜಾರಬೇಕು ಅಂತ ಹಟ. ಅನುಭವ ಇರೋರು ಅವರ ಬೆನ್ನ ಹಿಂದೆ ಜೊತೆಗೇ ನೇತಾಡಬೇಕಂತೆ. ನಿಮ್ಮ ಹೆಸರು ಕೇಳಿ ಅಜ್ಜಿ ಕುಣಿದಾಡಿಬಿಟ್ರಂತೆ."

"ಸಾರ್, ಸುಳ್ಳು ಅಂತ ಹೇಳಿಬಿಡಿ ಸಾರ್!"

"ಯಜಮಾನರ ಅಮ್ಮನಿಗೆ ಆಸೆ ತೋರಿಸಿ ಈಗ ಸುಳ್ಳು ಅಂದ್ರೆ, ಹೆಡ್‌ಕ್ಲರ್ಕ್ ಕುರ್ಚಿ ಹಾಗಿರಲಿ, ಇರೋ ಸ್ಟೂಲೂ ಉಳಿಯಲ್ಲ. ಬರೋ ಭಾನುವಾರ ಹೊರಡಿ. ಮತ್ತೆ, ಎರಡನೇ ಸಲ ಕೈ ಬಿಟ್ಟು ಹೋಗಿದ್ರಿ ಅಂತಾನೂ ಹೇಳಿದ್ದೀನಿ. ಅಜ್ಜಿಗೆ ಹಾಗೇ ಹೋಗಬೇಕಂತೆ."

ತೂಕ ಆಗ ಸರಿಯಾಗಿ ನಿಂತಿತು. ಪರಾಕ್ರಮಿ ಅಲ್ಲಾಡುವುದನ್ನೇ ನಿಲ್ಲಿಸಿದ್ದ.

ಮನೆಗೆ ಬಂದಾಗ ನಡುಮನೆ ಕತ್ತಲು. ಹೆಂಡತಿ ಬಲ್ಬಿನ ಕೆಳಗೆ ಸ್ಟೂಲು ಹಾಕಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವನ ಕೈಗೆ ಹೊಸ ಬಲ್ಬು ಕೊಟ್ಟಳು.

"ಟೈಪಿಸ್ಟ್ ಮೇಡಂ ಫೋನ್ ಮಾಡಿದ್ರು. ಕಾಡಿನಲ್ಲಿ ಕೈ ಬಿಟ್ಟು ಹಾರ್ತೀರಂತೆ! ಸೊಂಟ ವಾಸಿಯಾಗಿದ್ದು ನನಗೊಂದು ಮಾತು ಹೇಳಬಾರದಾ? ಹತ್ತಿ, ಅಭ್ಯಾಸ ಆಗಲಿ."

"ಸ್ಟೂಲಾದ್ರೂ ಹಿಡ್ಕೊಳ್ಳೇ" ಎಂದ ಪರಾಕ್ರಮಿ, ಅಳುವ ದನಿಯಲ್ಲಿ.

ಅವಳು ಗೋಡೆಗೊರಗಿ ಆರಾಮಾಗಿ ಕೂತಳು. "ಹಿಡ್ಕೋತಿದ್ದೆ ಕಣ್ರೀ. ಯಾಕೋ ಈಗ ನನಗೆ ಸೊಂಟ ನೋವು."